ಉದ್ದ, ಅಗಲ, ಎತ್ತರ ಬದಲಾದರೆ ಘನಫಲ ಶೇಕಡಾ ಎಷ್ಟು ಬದಲಾಗುತ್ತದೆ? ಸಂಪು, ಟೊಮೆಟೊ ಬಾಕ್ಸ್, ಮರಳಿನ ಟ್ರಾಲಿ, ಕೃಷಿ ಹೊಂಡಕ್ಕೆ ಲೆಕ್ಕ ಹಾಕುವ ಕ್ರಮ

"ಉದ್ದ, ಅಗಲ, ಎತ್ತರ ಮೂರನ್ನೂ ಶೇ 20 ಹೆಚ್ಚಿಸಿದರೆ ಒಳಗೆ ಹಿಡಿಯುವುದು ಶೇ 60 ಜಾಸ್ತಿ ಆಗಬೇಕಲ್ಲವೇ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮುಳಬಾಗಿಲು ಕಡೆ ಮನೆ ಕಟ್ಟಿಸುತ್ತಿರುವವರು ಸಂಪಿನ ಬಗ್ಗೆ ಕೇಳುತ್ತಾರೆ. ಟೊಮೆಟೊ ಬೆಳೆಯುವವರು ಬಾಕ್ಸಿನ ಬಗ್ಗೆ ಕೇಳುತ್ತಾರೆ. ಎಸ್‌ಎಸ್‌ಎಲ್‌ಸಿ ಮಕ್ಕಳು, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವವರು ಪುಸ್ತಕದ ಲೆಕ್ಕ ಹಿಡಿದು ಕೇಳುತ್ತಾರೆ. ಪ್ರಶ್ನೆ ಒಂದೇ, ಎಲ್ಲರಿಗೂ ಉತ್ತರವೂ ಒಂದೇ: ಶೇ 60 ಅಲ್ಲ, ಶೇ 72.8.

ಈ ವ್ಯತ್ಯಾಸ ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಸೀಮಿತ. ಸಂಪು ತೋಡಿಸುವಾಗ, ಎಂ-ಸ್ಯಾಂಡ್ ಲೋಡು ಇಳಿಸಿಕೊಳ್ಳುವಾಗ, ರಟ್ಟಿನ ಪೆಟ್ಟಿಗೆಗೆ ಆರ್ಡರ್ ಕೊಡುವಾಗ ಅದು ನೇರವಾಗಿ ಜೇಬಿಗೆ ತಾಗುತ್ತದೆ. ಹಾಗಾಗಿ ಈ ಲೆಕ್ಕವನ್ನು ಬಾಯಿಪಾಠ ಮಾಡದೆ, ಅದು ಯಾಕೆ ಹಾಗೆ ಎಂದು ತಿಳಿದು ಕಲಿಯುವುದು ಒಳ್ಳೆಯದು.

ಏನೇನು ಬೇಕು

ಒಂದು ಅಳತೆ ಟೇಪು, ಮೊಬೈಲಿನ ಕ್ಯಾಲ್ಕ್ಯುಲೇಟರ್, ಒಂದು ಹಾಳೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಎರಡು ಪದಗಳನ್ನು ಮೊದಲೇ ತಿಳಿದುಕೊಳ್ಳಿ. ಘನಫಲ ಎಂದರೆ ಒಂದು ವಸ್ತು ಒಳಗೆ ಎಷ್ಟು ಹಿಡಿಯುತ್ತದೆ ಎಂಬ ಅಳತೆ. ಡಬ್ಬಿಯಾಕಾರದ್ದಕ್ಕೆ ಅದು ಉದ್ದ × ಅಗಲ × ಎತ್ತರ. ಗುಣಕ ಎಂದರೆ ಹಳೆಯ ಅಳತೆಯನ್ನು ಯಾವ ಸಂಖ್ಯೆಯಿಂದ ಗುಣಿಸಿದರೆ ಹೊಸ ಅಳತೆ ಸಿಗುತ್ತದೋ ಆ ಸಂಖ್ಯೆ. ಇಡೀ ಲೆಕ್ಕ ನಿಂತಿರುವುದು ಗುಣಕದ ಮೇಲೆ.

ಹಂತ 1: ಒಳಗಿನ ಅಳತೆ ತೆಗೆದುಕೊಳ್ಳಿ

ಹೆಚ್ಚು ಜನ ಎಡವುವುದು ಇಲ್ಲೇ. ಹಿಡಿಯುವುದು ಎಷ್ಟು ಎಂದು ತಿಳಿಯಬೇಕಾದರೆ ಹೊರಗಿನ ಅಳತೆ ಕೆಲಸಕ್ಕೆ ಬಾರದು.

ಮೇಸ್ತ್ರಿ "10 ಅಡಿ ಉದ್ದ, 8 ಅಡಿ ಅಗಲ, 6 ಅಡಿ ಆಳದ ಸಂಪು" ಎಂದರು ಅಂದುಕೊಳ್ಳಿ. 480 ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್, ಅಂದರೆ 13,600 ಲೀಟರ್ ಹತ್ತಿರ. ಆದರೆ ಅವರು ಹೇಳಿದ್ದು ಹೊರ ಅಳತೆಯಾಗಿದ್ದು, ಸುತ್ತ 9 ಅಂಗುಲದ ಗೋಡೆ ಇದ್ದರೆ ಒಳಗೆ ಉಳಿಯುವುದು 8.5 ಅಡಿ × 6.5 ಅಡಿ. ತಳದ ಕಾಂಕ್ರೀಟು ಮತ್ತು ಮೇಲೆ ಪೈಪು ಬರುವ ಜಾಗ ಬಿಟ್ಟು ನೀರು ನಿಲ್ಲುವುದು 5 ಅಡಿ ಎಂದಿಟ್ಟುಕೊಂಡರೆ 276.25 ಘನ ಅಡಿ, ಸುಮಾರು 7,800 ಲೀಟರ್. ಅಂದುಕೊಂಡದ್ದಕ್ಕಿಂತ ಸುಮಾರು ಶೇ 42ರಷ್ಟು ಕಡಿಮೆ. ಇದರಲ್ಲಿ ಯಾರೂ ಮೋಸ ಮಾಡಿಲ್ಲ, ಅಳತೆ ಎಲ್ಲಿಂದ ಎಲ್ಲಿಗೆ ಎಂದು ಯಾರೂ ಕೇಳಿಲ್ಲ ಅಷ್ಟೇ. ಕೆಲಸ ಶುರುವಾಗುವ ಮೊದಲೇ "ಒಳ ಅಳತೆಯೋ, ಹೊರ ಅಳತೆಯೋ? ನೀರು ಎಷ್ಟು ಅಡಿ ನಿಲ್ಲುತ್ತದೆ?" ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಇನ್ನೊಂದು: ಮೂರೂ ಅಳತೆ ಒಂದೇ ಮಾನದಲ್ಲಿರಲಿ. ಉದ್ದ ಅಡಿಯಲ್ಲಿ, ಎತ್ತರ ಅಂಗುಲದಲ್ಲಿ ಇಟ್ಟುಕೊಂಡು ಗುಣಿಸಿದರೆ ಬರುವ ಸಂಖ್ಯೆಗೆ ಅರ್ಥವಿರುವುದಿಲ್ಲ.

ಹಂತ 2: ಶೇಕಡಾವನ್ನು ಗುಣಕ ಮಾಡಿ

ಹೆಚ್ಚಳವಾದರೆ 100ಕ್ಕೆ ಕೂಡಿಸಿ, ಇಳಿಕೆಯಾದರೆ 100ರಿಂದ ಕಳೆಯಿರಿ, ಬಂದದ್ದನ್ನು 100ರಿಂದ ಭಾಗಿಸಿ.

ಶೇ 20 ಹೆಚ್ಚಳ: 1.20
ಶೇ 5 ಹೆಚ್ಚಳ: 1.05 (1.5 ಅಲ್ಲ, ಇಲ್ಲಿ ತಪ್ಪುವವರು ಬಹಳ)
ಶೇ 20 ಇಳಿಕೆ: 0.80
ಬದಲಾವಣೆ ಇಲ್ಲ: 1
ಎರಡರಷ್ಟು, ಅಂದರೆ ಶೇ 100 ಹೆಚ್ಚಳ: 2

ಅಳತೆಗಳೇ ಕೈಯಲ್ಲಿದ್ದರೆ ಇನ್ನೂ ಸುಲಭ. ಹೊಸದನ್ನು ಹಳೆಯದರಿಂದ ಭಾಗಿಸಿ, ಅದೇ ಗುಣಕ. 8 ಅಡಿ ಇದ್ದದ್ದು 9 ಅಡಿ ಆದರೆ 9 ÷ 8 = 1.125.

ಹಂತ 3: ಮೂರು ಗುಣಕಗಳನ್ನು ಗುಣಿಸಿ. ಕೂಡಿಸಬೇಡಿ

1.2 × 1.2 × 1.2 = 1.728. ಹೊಸ ಘನಫಲ ಹಳೆಯದರ 1.728 ಪಟ್ಟು.

ಶೇ 60 ಯಾಕೆ ಅಲ್ಲ ಎನ್ನುವುದಕ್ಕೆ ಒಂದು ಚಿಕ್ಕ ಡಬ್ಬಿಯನ್ನು ಎದುರಿಗಿಟ್ಟುಕೊಳ್ಳೋಣ. ಎಲ್ಲ ಬದಿಯೂ 10 ಸೆಂ.ಮೀ. ಘನಫಲ 1,000 ಘನ ಸೆಂ.ಮೀ., ಅಂದರೆ ಸರಿಯಾಗಿ 1 ಲೀಟರ್. ಈಗ ಪ್ರತಿ ಬದಿಯನ್ನೂ ಶೇ 10 ಹೆಚ್ಚಿಸಿ 11 ಸೆಂ.ಮೀ. ಮಾಡಿ. ಹಳೆಯ ಡಬ್ಬಿಯ ಸುತ್ತ ಹೊಸದಾಗಿ ಏನೇನು ಸೇರಿತು?

ಮೊದಲು, ಮೂರು ಮುಖಗಳ ಮೇಲೆ 1 ಸೆಂ.ಮೀ. ದಪ್ಪದ ಮೂರು ಹಲಗೆಗಳು. ಒಂದೊಂದೂ 10 × 10 × 1, ಒಟ್ಟು 300. ಶೇ 10 ಅನ್ನು ಮೂರು ಸಲ ಕೂಡಿಸಿದಾಗ ನಾವು ಲೆಕ್ಕ ಹಾಕಿದ್ದು ಇಷ್ಟನ್ನೇ. ಆದರೆ ಹಲಗೆಗೆ ಹಲಗೆ ಸೇರುವ ಅಂಚಿನಲ್ಲಿ ಸಂದು ಉಳಿಯುತ್ತದೆ. ಅದನ್ನು ತುಂಬಲು 10 × 1 × 1ರ ಮೂರು ಪಟ್ಟಿಗಳು ಬೇಕು, ಅದು 30. ಕೊನೆಗೆ ಮೂರೂ ಪಟ್ಟಿ ಸೇರುವ ಮೂಲೆಯಲ್ಲಿ 1 ಘನ ಸೆಂ.ಮೀ.ನ ಒಂದು ತುಂಡು. 300 + 30 + 1 = 331. ಹೊಸ ಘನಫಲ 1,331, ಹೆಚ್ಚಳ ಶೇ 33.1.

ಬರೀ ಕೂಡಿಸುವವರು ಪಟ್ಟಿಗಳನ್ನೂ ಮೂಲೆಯನ್ನೂ ಬಿಟ್ಟುಬಿಡುತ್ತಾರೆ. ಶೇಕಡಾ ಚಿಕ್ಕದಾಗಿದ್ದರೆ ಬಿಟ್ಟದ್ದು ಸಣ್ಣದು: ಪ್ರತಿ ಬದಿ ಶೇ 1 ಹೆಚ್ಚಿದರೆ ಘನಫಲದ ಹೆಚ್ಚಳ ಶೇ 3.03. ಶೇಕಡಾ ದೊಡ್ಡದಾದಂತೆ ಪಟ್ಟಿಗಳು ದಪ್ಪವಾಗುತ್ತವೆ. ಶೇ 20ರಲ್ಲಿ 60 + 12 + 0.8, ಒಟ್ಟು 72.8. ಶೇ 50ರಲ್ಲಿ ಘನಫಲದ ಹೆಚ್ಚಳ ಶೇ 237.5. ಪ್ರತಿ ಬದಿಯನ್ನು ಎರಡರಷ್ಟು ಮಾಡಿದರೆ ಘನಫಲ 8 ಪಟ್ಟು!

ಟೊಮೆಟೊ ಬಾಕ್ಸಿಗೆ ಬರೋಣ. ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ ಹರಾಜು ನಡೆಯುವುದು ನಿಮಗೆ ಗೊತ್ತೇ ಇದೆ. 15 ಕೆ.ಜಿ. ಹಿಡಿಯುವ ಒಂದು ಬಾಕ್ಸಿನ ಒಳ ಅಳತೆ 45 × 30 × 20 ಸೆಂ.ಮೀ. ಎಂದಿಟ್ಟುಕೊಳ್ಳಿ. ಅದು 27 ಲೀಟರ್. ಪ್ರತಿ ಬದಿಗೆ ಶೇ 10 ಹೆಚ್ಚಿಸಿದರೆ 49.5 × 33 × 22, ಸುಮಾರು 35.9 ಲೀಟರ್. ಅದೇ ರೀತಿ ತುಂಬಿದರೆ ಸುಮಾರು 20 ಕೆ.ಜಿ. ಹಣ್ಣು ಕೂರುತ್ತದೆ. ಎತ್ತರದಲ್ಲಿ 2 ಸೆಂ.ಮೀ., ಅಗಲದಲ್ಲಿ 3 ಸೆಂ.ಮೀ. ವ್ಯತ್ಯಾಸ ದೂರದಿಂದ ಕಣ್ಣಿಗೆ ಬೀಳುವುದೇ ಕಷ್ಟ, ಹಣ್ಣು ಮಾತ್ರ 5 ಕೆ.ಜಿ. ಹೆಚ್ಚು. ಕಣ್ಣಳತೆ ನಂಬಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಬಾಕ್ಸ್ ಬದಲಾದಾಗ ಟೇಪು ಹಿಡಿಯಿರಿ, ಇಲ್ಲವೇ ತೂಕಕ್ಕೆ ಹಾಕಿಸಿ.

ಹಂತ 4: ಉತ್ತರವನ್ನು ಮತ್ತೆ ಶೇಕಡಾಕ್ಕೆ ತನ್ನಿ

ಬಂದ ಗುಣಕದಿಂದ 1 ಕಳೆದು 100ರಿಂದ ಗುಣಿಸಿ. 1.728 − 1 = 0.728, ಶೇ 72.8 ಹೆಚ್ಚಳ. ಉತ್ತರ ಋಣ ಸಂಖ್ಯೆಯಾದರೆ ಅದು ಇಳಿಕೆ. ಪ್ರತಿ ಬದಿ ಶೇ 20 ಇಳಿದರೆ 0.8 × 0.8 × 0.8 = 0.512, ಅಂದರೆ ಶೇ 48.8 ಇಳಿಕೆ.

ಪರೀಕ್ಷೆ ಬರೆಯುವವರು ಪ್ರಶ್ನೆಯ ಮಾತನ್ನು ಎರಡು ಸಲ ಓದಿ. "ಹಳೆಯದರ ಶೇಕಡಾ ಎಷ್ಟು?" ಎಂದರೆ 172.8. "ಶೇಕಡಾ ಎಷ್ಟು ಹೆಚ್ಚಳ?" ಎಂದರೆ 72.8. ಆಯ್ಕೆಗಳಲ್ಲಿ ಎರಡೂ ಇರಬಹುದು, 60 ಸಹ ಇರಬಹುದು.

ಶೇ 20 ಹೆಚ್ಚಿಸಿದರೆ 72.8, ಇಳಿಸಿದರೆ 48.8. ಎರಡೂ ಒಂದೇ ಅಲ್ಲ. ಹಾಗಾಗಿ ಎಲ್ಲ ಬದಿ ಶೇ 20 ಇಳಿಸಿ, ಮತ್ತೆ ಶೇ 20 ಹೆಚ್ಚಿಸಿದರೆ ಮೊದಲಿನ ಜಾಗಕ್ಕೆ ಬರುವುದಿಲ್ಲ. 0.512 × 1.728 = 0.885, ಇನ್ನೂ ಶೇ 11.5 ಕಡಿಮೆ. ಇಳಿಸಿದ ಮೇಲೆ ಲೆಕ್ಕ ನಡೆಯುವುದು ಚಿಕ್ಕದಾದ ಅಳತೆಯ ಮೇಲೆ. ಶೇ 20 ಇಳಿಸಿದ್ದನ್ನು ಸರಿದೂಗಿಸಲು ಶೇ 25 ಹೆಚ್ಚಿಸಬೇಕು.

ಹಂತ 5: ಬದಿಗಳು ಬೇರೆ ಬೇರೆಯಾಗಿ ಬದಲಾದಾಗ

ಕ್ರಮ ಅದೇ. ಉದ್ದ ಶೇ 20 ಹೆಚ್ಚು, ಅಗಲ ಶೇ 10 ಹೆಚ್ಚು, ಎತ್ತರ ಶೇ 30 ಕಡಿಮೆ ಎನ್ನಿ. ಕೂಡಿ ಕಳೆದರೆ ಸೊನ್ನೆ, ಏನೂ ಬದಲಾಗಿಲ್ಲ ಎನಿಸುತ್ತದೆ. ಗುಣಿಸಿ ನೋಡಿ: 1.2 × 1.1 × 0.7 = 0.924. ಶೇ 7.6 ಕಡಿಮೆಯಾಗಿದೆ. ಯಾವುದನ್ನು ಮೊದಲು ಗುಣಿಸಿದರೂ ಉತ್ತರ ಒಂದೇ.

ಎರಡು ಬದಿ ಮಾತ್ರ ಬದಲಾದರೆ ಮೂರನೆಯದರ ಗುಣಕ 1. ಉದ್ದ ಶೇ 20 ಹೆಚ್ಚಿ ಅಗಲ ಶೇ 20 ಇಳಿದರೆ 0.96, ಶೇ 4 ನಷ್ಟ.

ಈಗ ಟ್ರಾಲಿ. ಮನೆ ಕಟ್ಟಿಸುವವರು ಈ ಭಾಗವನ್ನು ಗಮನವಿಟ್ಟು ಓದಿ. 10 ಅಡಿ × 6 ಅಡಿ × 2 ಅಡಿ, 120 ಘನ ಅಡಿ ಎಂಬ ಲೆಕ್ಕದಲ್ಲಿ ನೀವು ಒಂದು ಲೋಡು ಎಂ-ಸ್ಯಾಂಡ್ ಮಾತಾಡಿದ್ದೀರಿ. ಬಂದ ಟ್ರಾಲಿಯ ಒಳಗೆ ಟೇಪು ಹಿಡಿದರೆ ಉದ್ದ 9.5 ಅಡಿ, ಅಗಲ 5.5 ಅಡಿ, ಮರಳು ನಿಂತಿರುವ ಎತ್ತರ 1.75 ಅಡಿ. ಒಂದೊಂದಾಗಿ ನೋಡಿದರೆ ಉದ್ದದಲ್ಲಿ ಶೇ 5, ಅಗಲದಲ್ಲಿ ಶೇ 8.3, ಎತ್ತರದಲ್ಲಿ ಶೇ 12.5 ಕಡಿಮೆ. "ಅರ್ಧ ಅಡಿಗೆಲ್ಲ ಯಾಕೆ ಜಗಳ" ಎನಿಸಬಹುದು. ಗುಣಿಸಿದರೆ 9.5 × 5.5 × 1.75 = 91.4 ಘನ ಅಡಿ. ಶೇ 23.8 ಕಡಿಮೆ. ಇಂಥ ನಾಲ್ಕು ಲೋಡು ಇಳಿಸಿಕೊಂಡರೆ ಹೆಚ್ಚುಕಡಿಮೆ ಒಂದು ಲೋಡು ಬಂದೇ ಇಲ್ಲ ಎಂದರ್ಥ. ಅಳೆಯಬೇಕಾದದ್ದು ಮರಳು ಇಳಿಸುವ ಮೊದಲು. ಮೇಲೆ ರಾಶಿಯಾಗಿದ್ದರೆ ಸಮ ಮಾಡಿಸಿ ಎತ್ತರ ನೋಡಿ. ಒದ್ದೆ ಮರಳು ಉಬ್ಬಿಕೊಂಡು ಹೆಚ್ಚು ಜಾಗ ಹಿಡಿಯುತ್ತದೆ ಎನ್ನುವುದೂ ನೆನಪಿರಲಿ.

ನಿಮ್ಮ ಅಳತೆಯ ತಪ್ಪು ಸಹ ಹೀಗೆಯೇ ಬೆಳೆಯುತ್ತದೆ. ಟೇಪು ಸಡಿಲ ಹಿಡಿದು ಮೂರೂ ಕಡೆ ಶೇ 2 ಹೆಚ್ಚು ಓದಿದರೆ ಘನಫಲ ಶೇ 6.1 ಹೆಚ್ಚು ಬರುತ್ತದೆ.

"ಎಲ್ಲ ಕಡೆ ಒಂದೊಂದು ಅಡಿ ಹೆಚ್ಚಿಸಿ" ಎನ್ನುವುದು "ಎಲ್ಲ ಕಡೆ ಇಷ್ಟು ಶೇಕಡಾ ಹೆಚ್ಚಿಸಿ" ಎನ್ನುವುದಕ್ಕೆ ಸಮನಲ್ಲ. 8 × 6 × 5 ಅಡಿಯ ಸಂಪಿಗೆ ಎಲ್ಲ ಕಡೆ 1 ಅಡಿ ಸೇರಿಸಿದರೆ ಉದ್ದಕ್ಕೆ ಶೇ 12.5, ಅಗಲಕ್ಕೆ ಶೇ 16.7, ಆಳಕ್ಕೆ ಶೇ 20 ಸೇರಿದಂತಾಯಿತು. ಒಟ್ಟು 240 ಘನ ಅಡಿ ಇದ್ದದ್ದು 378 ಆಗುತ್ತದೆ, ಶೇ 57.5 ಹೆಚ್ಚಳ. ಚಿಕ್ಕ ಬದಿಗೆ ಸೇರಿಸಿದ ಒಂದು ಅಡಿಯೇ ಹೆಚ್ಚು ಫಲ ಕೊಡುತ್ತದೆ. ಒಂದೇ ಕಡೆ ಒಂದು ಅಡಿ ಹೆಚ್ಚಿಸುವ ಅವಕಾಶವಿದ್ದರೆ, ಈ ಸಂಪಿನಲ್ಲಿ ಆಳಕ್ಕೆ ಸೇರಿಸಿ. ಕೆಳಗೆ ಬಂಡೆ ಸಿಕ್ಕರೆ ಅಗಲಕ್ಕೆ.

ಹಂತ 6: ಹಿಮ್ಮುಖ ಲೆಕ್ಕ

"ಇಷ್ಟು ಹಿಡಿಯಬೇಕು, ಬದಿ ಎಷ್ಟು ಹೆಚ್ಚಿಸಲಿ?" ಎನ್ನುವ ಪ್ರಶ್ನೆಗೆ ಘನಮೂಲ ಬೇಕು. ಘನಮೂಲ ಎಂದರೆ ಯಾವ ಸಂಖ್ಯೆಯನ್ನು ಮೂರು ಸಲ ಬರೆದು ಗುಣಿಸಿದರೆ ನಮಗೆ ಬೇಕಾದದ್ದು ಬರುತ್ತದೋ ಆ ಸಂಖ್ಯೆ. ಎಷ್ಟೋ ಮೊಬೈಲುಗಳಲ್ಲಿ ಕ್ಯಾಲ್ಕ್ಯುಲೇಟರ್ ತೆರೆದು ಫೋನನ್ನು ಅಡ್ಡ ತಿರುಗಿಸಿದರೆ ಘನಮೂಲದ ಗುಂಡಿ ಕಾಣುತ್ತದೆ. ಇಲ್ಲದಿದ್ದರೆ ಅಂದಾಜಿಸಿ ಗುಣಿಸುತ್ತಾ ಹೋಗಿ. ಎರಡರಷ್ಟು ಬೇಕೆಂದರೆ 1.25 ಹಾಕಿ ನೋಡಿ, 1.953 ಬರುತ್ತದೆ, ಸ್ವಲ್ಪ ಸಾಲದು. 1.26 ಹಾಕಿ, 2.000 ಬರುತ್ತದೆ. ಪ್ರತಿ ಬದಿ ಶೇ 26 ಹೆಚ್ಚಿಸಿದರೆ ಸಾಕು.

ಶ್ರೀನಿವಾಸಪುರ ಕಡೆ ಮಾವನ್ನು ನೇರವಾಗಿ ಗ್ರಾಹಕರಿಗೆ ಕಳಿಸುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ನಿಮ್ಮ 5 ಕೆ.ಜಿ. ಪೆಟ್ಟಿಗೆಯ ಆಕಾರದಲ್ಲೇ 10 ಕೆ.ಜಿ. ಪೆಟ್ಟಿಗೆ ಬೇಕೆಂದರೆ ಪ್ರತಿ ಬದಿ ಶೇ 26 ಹೆಚ್ಚು. 3 ಕೆ.ಜಿ. ಪೆಟ್ಟಿಗೆ ಬೇಕೆಂದರೆ 3 ÷ 5 = 0.6, ಅದರ ಘನಮೂಲ 0.843, ಪ್ರತಿ ಬದಿ ಶೇ 15.7 ಕಡಿಮೆ. ಇದು ಮೊದಲ ಅಂದಾಜು ಮಾತ್ರ. ಪೆಟ್ಟಿಗೆ ಚಿಕ್ಕದಾದರೂ ಹಣ್ಣು ಚಿಕ್ಕದಾಗುವುದಿಲ್ಲ, ಅಂಚಿನಲ್ಲಿ ಅರ್ಧ ಹಣ್ಣಿನ ಜಾಗ ಉಳಿದರೆ ಅದು ಖಾಲಿಯೇ. ಒಂದು ಮಾದರಿ ಪೆಟ್ಟಿಗೆ ಮಾಡಿಸಿ ಹಣ್ಣು ಜೋಡಿಸಿ ನೋಡಿದ ಮೇಲೆಯೇ ಪೂರ್ತಿ ಆರ್ಡರ್ ಕೊಡಿ.

ರಟ್ಟಿನ ಖರ್ಚು ಮಾತ್ರ ಘನಫಲದಷ್ಟು ವೇಗವಾಗಿ ಏರುವುದಿಲ್ಲ. ಮೇಲ್ಮೈಗೆ ಎರಡೇ ಅಳತೆ ಗುಣಿಸುವುದರಿಂದ ಎಲ್ಲ ಬದಿ ಶೇ 10 ಹೆಚ್ಚಿದರೆ ರಟ್ಟು ಶೇ 21 ಹೆಚ್ಚು ಬೇಕು, ಹಣ್ಣು ಶೇ 33.1 ಹೆಚ್ಚು ಹಿಡಿಯುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಕೆ.ಜಿ.ಗೆ ಬೀಳುವ ರಟ್ಟು ಕಡಿಮೆ. ಆದರೆ ತಳದ ಹಣ್ಣಿನ ಮೇಲಿನ ಭಾರ ಎತ್ತರದ ಜೊತೆ ಏರುತ್ತದೆ, ಆದ್ದರಿಂದ ಮಾಗಿದ ಹಣ್ಣಿಗೆ ಎತ್ತರ ಹೆಚ್ಚಿಸದೆ ಉದ್ದ, ಅಗಲ ಹೆಚ್ಚಿಸುವುದೇ ಸರಿ. ಆಗ ಎತ್ತರದ ಗುಣಕ 1, ಘನಮೂಲದ ಬದಲು ವರ್ಗಮೂಲ ತೆಗೆದುಕೊಳ್ಳಿ. ಎರಡರಷ್ಟು ಬೇಕೆಂದರೆ 2ರ ವರ್ಗಮೂಲ 1.414, ಉದ್ದ ಅಗಲಗಳು ತಲಾ ಶೇ 41.4 ಹೆಚ್ಚು.

ಕೊರಿಯರ್‌ನಲ್ಲಿ ಕಳಿಸುವವರಿಗೆ ಒಂದು ಎಚ್ಚರಿಕೆ. ಹಲವು ಕೊರಿಯರ್ ಸಂಸ್ಥೆಗಳು ನಿಜವಾದ ತೂಕದ ಜೊತೆಗೆ ಗಾತ್ರದ ತೂಕವನ್ನೂ ನೋಡಿ, ಯಾವುದು ಹೆಚ್ಚೋ ಅದಕ್ಕೆ ಹಣ ಹಾಕುತ್ತವೆ. ಸೆಂ.ಮೀ.ನಲ್ಲಿ ಉದ್ದ × ಅಗಲ × ಎತ್ತರ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ರೂಢಿ. 40 × 30 × 20ರ ಪೆಟ್ಟಿಗೆಗೆ ಇದು 4.8 ಕೆ.ಜಿ. ಅದನ್ನೇ "ಸ್ವಲ್ಪ ದೊಡ್ಡದಿರಲಿ" ಎಂದು 44 × 33 × 22 ಮಾಡಿದರೆ 6.39 ಕೆ.ಜಿ. ಇಲ್ಲಿ ಹೊರ ಅಳತೆಯೇ ಲೆಕ್ಕಕ್ಕೆ ಬರುತ್ತದೆ. ಭಾಜಕ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವುದರಿಂದ ಮೊದಲೇ ಕೇಳಿಕೊಳ್ಳಿ.

ಹಂತ 7: ಡಬ್ಬಿಯಾಕಾರ ಅಲ್ಲದಿದ್ದರೆ ನಿಲ್ಲಿ

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ, ಕೊಳವೆಬಾವಿಗಳ ಜೊತೆ ಕೃಷಿ ಹೊಂಡವೂ ಮುಖ್ಯ, ಆದ್ದರಿಂದ ಅದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳು 10 × 10 × 3 ಮೀಟರ್, 12 × 12 × 3, ಹೀಗೆ 21 × 21 × 3ರವರೆಗೆ ಬೇರೆ ಬೇರೆ ಅಳತೆಯವು. ಆಳ ಎಲ್ಲದಕ್ಕೂ 3 ಮೀಟರ್.

ಡಬ್ಬಿ ಎಂದುಕೊಂಡು ಲೆಕ್ಕ ಹಾಕಿದರೆ 10ರ ಹೊಂಡ 300 ಘನ ಮೀಟರ್, ಅಂದರೆ 3 ಲಕ್ಷ ಲೀಟರ್ (1 ಘನ ಮೀಟರ್‌ಗೆ 1,000 ಲೀಟರ್). 12ರ ಹೊಂಡ 4.32 ಲಕ್ಷ, ಶೇ 44 ಹೆಚ್ಚು. ಆದರೆ ಹೊಂಡದ ಬದಿ ನೆಟ್ಟಗೆ ಇರುವುದಿಲ್ಲ. ಮಣ್ಣು ಕುಸಿಯದಿರಲೆಂದು ಇಳಿಜಾರು ಕೊಡುತ್ತಾರೆ. 1 ಮೀಟರ್ ಆಳಕ್ಕೆ ಪ್ರತಿ ಕಡೆಯಿಂದ 1 ಮೀಟರ್ ಒಳಗೆ ಬರುವ ಇಳಿಜಾರು ಎಂದಿಟ್ಟುಕೊಳ್ಳಿ. ಮೇಲೆ 10 ಮೀಟರ್ ಇದ್ದದ್ದು ತಳದಲ್ಲಿ 4 ಮೀಟರ್ ಆಗುತ್ತದೆ.

ಇಂಥ ಚೌಕದ ಹೊಂಡಕ್ಕೆ ಹೀಗೆ ಮಾಡಿ: ಮೇಲಿನ ಬದಿಯ ವರ್ಗ, ತಳದ ಬದಿಯ ವರ್ಗ, ಎರಡೂ ಬದಿಗಳ ಗುಣಲಬ್ಧ, ಈ ಮೂರನ್ನು ಕೂಡಿಸಿ. ಆಳದಿಂದ ಗುಣಿಸಿ 3ರಿಂದ ಭಾಗಿಸಿ. 100 + 16 + 40 = 156. ಆಳ 3 ಮೀಟರೇ ಆದ್ದರಿಂದ ಗುಣಿಸಿ ಭಾಗಿಸಿದರೂ 156 ಘನ ಮೀಟರ್. ಅಂದುಕೊಂಡ 3 ಲಕ್ಷದ ಜಾಗದಲ್ಲಿ ನಿಜವಾಗಿ 1.56 ಲಕ್ಷ ಲೀಟರ್.

12ರ ಹೊಂಡದ ತಳ 6 ಮೀಟರ್. 144 + 36 + 72 = 252, ಅಂದರೆ 2.52 ಲಕ್ಷ ಲೀಟರ್. ಹೆಚ್ಚಳ ಶೇ 44 ಅಲ್ಲ, ಶೇ 61.5. ಮೇಲಿನ ಬದಿ ಶೇ 20 ಹೆಚ್ಚಿದರೂ ತಳದ ಬದಿ 4ರಿಂದ 6ಕ್ಕೆ, ಶೇ 50 ಹೆಚ್ಚಿದೆ. ಮೂರು ಗುಣಕಗಳ ಕ್ರಮ ಇಲ್ಲಿ ತಪ್ಪುವುದಕ್ಕೆ ಕಾರಣ ಅದೇ.

ಎಲ್ಲ ಅಳತೆಯೂ ಒಂದೇ ಶೇಕಡಾದಲ್ಲಿ ಬದಲಾದರೆ ಇಳಿಜಾರಿನ ಹೊಂಡಕ್ಕೂ ಆ ಕ್ರಮ ಸರಿಹೋಗುತ್ತದೆ. ಮೇಲೆ 12, ತಳ 4.8, ಆಳ 3.6 ಮೀಟರ್ ಎನ್ನಿ, ಎಲ್ಲವೂ ಶೇ 20 ಹೆಚ್ಚು. ಲೆಕ್ಕ ಹಾಕಿದರೆ 269.6 ಘನ ಮೀಟರ್, 156ರ ಸರಿಯಾಗಿ 1.728 ಪಟ್ಟು. ಗುಂಡು ತೊಟ್ಟಿ, ಶಂಕುವಿನಾಕಾರದ ರಾಶಿ, ಯಾವುದಕ್ಕಾದರೂ ಈ ಮಾತು ನಿಜ.

ಹೊಂಡ ತೋಡಿಸುವವರು ಮೇಲಿನ ಅಳತೆಯೊಂದನ್ನೇ ನೋಡಿ ನೀರಿನ ಲೆಕ್ಕ ಮಾಡಬೇಡಿ. ನೀರು ಇಂಗದಂತೆ ಪ್ಲಾಸ್ಟಿಕ್ ಹಾಳೆ ಹಾಸುವ ಮುಂಚೆ ತಳಕ್ಕಿಳಿದು ಎರಡೂ ಬದಿ ಅಳೆಯಿರಿ, ನೀರು ನಿಲ್ಲುವ ಮಟ್ಟದಿಂದ ತಳದವರೆಗೆ ನೇರ ಆಳ ತೆಗೆದುಕೊಳ್ಳಿ. ಇಳಿಜಾರಿನ ಮೇಲೆ ಟೇಪು ಹಾಸಿ ಓದಿದ್ದು ಆಳವಲ್ಲ. ಮೇಲೆ ಹೇಳಿದ ಇಳಿಜಾರಿನಲ್ಲಿ 3 ಮೀಟರ್ ಆಳಕ್ಕೆ ಹಾಗೆ ಓದಿದರೆ 4.24 ಮೀಟರ್ ಬರುತ್ತದೆ, ಲೆಕ್ಕ ಶೇ 41 ಹೆಚ್ಚಾಗಿಬಿಡುತ್ತದೆ.